ಎರಡು ಸೀಟಿನ ಕಾರು, ಒಂದು ಪಾವು ಎಣ್ಣೆ

ಆ ಕಾರು ನನ್ನ ಶೆಡ್ಡಿಗೆ ಮೊದಲು ಬಂದದ್ದು ಎಂಜಿನ್ ಕೆಡುತ್ತಿದೆ ಎಂದಲ್ಲ, ಬಾಗಿಲ ಮೇಲೊಂದು ಗೀರು ಬಿದ್ದಿದೆ ಎಂದು. ಇಷ್ಟು ಹೇಳಿದರೆ ಅದರ ಮಾಲೀಕನ ಪರಿಚಯ ಮುಕ್ಕಾಲು ಪಾಲು ಆದಂತೆ. ಉಳಿದ ಕಾಲು ಪಾಲು ಹೇಳುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಪೆಟ್ರೋಲ್ ಬೆಲೆ ಏರಿ, ಕಾರಿದ್ದವರು ಅದಕ್ಕೆ ಗೋಣಿತಾಟು ಹೊದಿಸಿ ಮನೆ ಮುಂದೆ ನಿಲ್ಲಿಸಿದ್ದ ಕಾಲ. ದುರ್ಗದಲ್ಲಿ ಹೊಳಲ್ಕೆರೆ ರಸ್ತೆಯ ಬದಿಗೆ ನನ್ನದೊಂದು ತಗಡಿನ ಶೆಡ್ಡು. ಲಾರಿ, ಜೀಪು, ಟ್ರ್ಯಾಕ್ಟರು, ಏನು ಬಂದರೂ ಬಿಚ್ಚಿ ಜೋಡಿಸುತ್ತಿದ್ದೆ. ಊರಿಗೆಲ್ಲ ನಾನು ಮೇಸ್ತ್ರಿ.

ಕಾರು ಇಂಗ್ಲೆಂಡಿನದು. ಗಣಿಯಲ್ಲಿದ್ದ ಅಧಿಕಾರಿಯೊಬ್ಬರು ಊರು ಬಿಡುವಾಗ ಮಾರಿ ಹೋಗಿದ್ದರು. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, ಸೈಕಲ್ಲಿಗಿರುವಂಥ ಕಡ್ಡಿಗಳ ಚಕ್ರ, ಒಂದು ಎಂಜಿನ್ನಿಗೆ ಎರಡು ಕಾರ್ಬುರೇಟರ್. ಎಷ್ಟು ಕೆಳಗಿತ್ತೆಂದರೆ ಒಳಗೆ ಕೂತವನು ಕೈ ಚಾಚಿದರೆ ರಸ್ತೆಯ ಕಲ್ಲು ಹೆಕ್ಕಬಹುದು. ಅದನ್ನು ಕೊಂಡವನು ಊರಿನ ಎಣ್ಣೆ ಗಿರಣಿಯ ಚಿಕ್ಕ ಸಾಹುಕಾರ. ಗಿರಣಿಯನ್ನು ಕಟ್ಟಿದವರು ಅವನ ತಂದೆ, ದೊಡ್ಡ ಸಾಹುಕಾರರು. ಶೇಂಗಾ ಎಣ್ಣೆ, ಹರಳೆಣ್ಣೆ ಎರಡಕ್ಕೂ ಸುತ್ತಲ ನಾಲ್ಕು ತಾಲೂಕಿನಲ್ಲಿ ಅವರ ಗಿರಣಿ ಹೆಸರು ಮಾಡಿತ್ತು.

ಗೀರು ತೋರಿಸಲು ಬಂದವನ ಕಾರಿನೊಳಗೆ ಬಗ್ಗಿ ನೋಡಿದೆ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ನಲವತ್ತರ ಮೇಲಿರಬೇಕಾದದ್ದು ಹದಿನೈದರಲ್ಲಿ ತೂಕಡಿಸುತ್ತಿತ್ತು.

“ಸಾವ್ಕಾರ್ರೆ, ಗೀರು ಬಿಡ್ರಿ. ಈ ಮುಳ್ಳು ಎಲ್ಲೈತೆ ನೋಡ್ರಿ. ಒಳಗೆ ಬೇರಿಂಗ್ ಸವದಾವೆ. ಹಿಂಗೇ ಓಡಿಸಿದ್ರೆ ಒಂದಿನ ರೋಡಿನ ಮೇಲೆ ನಿಂತ್ಕಂತೈತೆ.”

“ಮುಳ್ಳು ಯಾರಿಗೆ ಕಾಣ್ತೈತೆ ಮೇಸ್ತ್ರಿ? ಗೀರು ಊರಿಗೆಲ್ಲ ಕಾಣ್ತೈತೆ” ಎಂದು ನಕ್ಕ.

ಗೀರು ಮುಚ್ಚಿಕೊಟ್ಟೆ. ಅವನ ಮನೆ ಮುಂದೆ ದಿನಾ ಬೆಳಿಗ್ಗೆ ಇಬ್ಬರು ಆಳುಗಳು ಆ ಕಾರಿಗೆ ಸ್ನಾನ ಮಾಡಿಸುತ್ತಿದ್ದರು. ಚಕ್ರದ ಒಂದೊಂದು ಕಡ್ಡಿಯನ್ನೂ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಬೇಕು. ಮತ್ತೋಡಿನ ಕಡೆ ಹರಳು ಬೀಜ ಕೊಳ್ಳಲು ಹೋದರೆ ರೈತರ ಕಣದ ತನಕ ಕಾರು ಒಯ್ಯುತ್ತಿದ್ದ. ಕಲ್ಲಿಗೆ ಹೊಟ್ಟೆ ತಾಗಿಸಿಕೊಂಡು ಬಂದು, ಬಂಪರಿನ ಧೂಳು ಒರೆಸಿಸುತ್ತಿದ್ದ. ಹೊಟ್ಟೆಯನ್ನು ಬಗ್ಗಿ ನೋಡಿದವನಲ್ಲ. ಕಾರು ಇಟ್ಟುಕೊಳ್ಳುವುದೆಂದರೆ ಅದನ್ನು ನಾಲ್ಕು ಜನ ನೋಡುವುದು ಎಂದೇ ಅವನು ತಿಳಿದಿದ್ದ.

ತಿಂಗಳು ಕಳೆಯುವಷ್ಟರಲ್ಲಿ ಎಂಜಿನ್ನಿನಿಂದ ಸುತ್ತಿಗೆ ಬಡಿದ ಸದ್ದು ಬರತೊಡಗಿತು. ಸದ್ದು ಊರಿಗೆಲ್ಲ ಕೇಳುತ್ತದೆ ಎನ್ನುವುದಕ್ಕೆ ಮಾತ್ರ ಅವನು ಹೆದರಿದ. “ಪೂರ್ತಿ ಬಿಚ್ಚಿ ಮಾಡು ಮೇಸ್ತ್ರಿ, ಹೊಸ ಸಾಮಾನು ಹಾಕು” ಎಂದು ಕಾರು ಬಿಟ್ಟುಹೋದ.

ಅಂಥ ಕೆಲಸ ನನಗೆ ಮತ್ತೆ ಸಿಕ್ಕಿಲ್ಲ. ಶೆಡ್ಡಿನ ತೊಲೆಗೆ ಸರಪಳಿ ರಾಟೆ ಕಟ್ಟಿ ಎಂಜಿನ್ ಎತ್ತಿದೆ. ಕ್ರ್ಯಾಂಕನ್ನು, ಅಂದರೆ ಎಂಜಿನ್ನಿನೊಳಗೆ ತಿರುಗುವ ದೊಡ್ಡ ಉಕ್ಕಿನ ದಂಡವನ್ನು, ಮೈಕ್ರೋಮೀಟರಿನಿಂದ ಅಳೆದೆ. ಬೇರಿಂಗ್ ಕೂರುವ ಜಾಗಗಳು ಮೊಟ್ಟೆಯಂತಾಗಿದ್ದವು. ಹಿರಿಯೂರಿನಲ್ಲಿ ಕ್ರ್ಯಾಂಕಿಗೆ ಸಾಣೆ ಹಿಡಿಯುವವರು ಒಬ್ಬರಿದ್ದರು. ಎಣ್ಣೆಬಟ್ಟೆ ಸುತ್ತಿದ ಆ ದಂಡವನ್ನು ಬಸ್ಸಿನ ಮೇಲೆ ಹಾಕಲು ಮನಸ್ಸು ಬಾರದೆ ತೊಡೆಯ ಮೇಲಿಟ್ಟುಕೊಂಡು ಹೋದೆ. “ಮಗೀಗೆ ಅರ್ಧ ಟಿಕೀಟು ತಗಳ್ರಿ” ಎಂದು ಕಂಡಕ್ಟರ್ ತಮಾಷೆ ಮಾಡಿದ.

ಸಾಣೆಯಲ್ಲಿ ದಂಡ ಅಂಗುಲದ ನೂರನೇ ಒಂದು ಭಾಗ ಸಣ್ಣದಾಯಿತು. ಅದಕ್ಕೆ ತಕ್ಕ ಅಳತೆಯ ಹೊಸ ಬೇರಿಂಗ್ ಬೇಕು. ಮುಂಬಯಿಗೆ ಬರೆದು ಎರಡೂವರೆ ತಿಂಗಳು ಕಾದೆ. ಬೇರಿಂಗ್ ಎಂದರೆ ಅರ್ಧ ಬಳೆಯಂಥ ಲೋಹದ ತಗಡು. ಬೆನ್ನ ಮೇಲೆ ಅಳತೆಯ ಅಂಕಿ ಒತ್ತಿರುತ್ತಾರೆ. ಎಣ್ಣೆ ಹರಿಯುವ ಒಂದೊಂದು ತೂತಿಗೂ ತಂತಿ ಹಾಕಿ, ಸೀಮೆಎಣ್ಣೆಯಿಂದ ತೊಳೆದು, ನೀಲಿ ಬಣ್ಣ ಹಚ್ಚಿ ಎಲ್ಲಿ ತಾಗುತ್ತದೆಂದು ನೋಡಿ ಕೂರಿಸಿದೆ. ಎಂಜಿನ್ ಎಣ್ಣೆಯನ್ನು ಎಂದಿನಂತೆ ಬಸ್ ನಿಲ್ದಾಣದ ಹತ್ತಿರದ ಎಣ್ಣೆ ಅಂಗಡಿಯಿಂದ ತಂದೆ. ಅಂಗಡಿಯವನು ಹಿಂದೆ ಲಾರಿ ಚಾಲಕ. ಮೊಣಕಾಲು ಸೋತ ಮೇಲೆ ಅಂಗಡಿ ಇಟ್ಟಿದ್ದ. ಸೀಲು ಮಾಡಿದ ಡಬ್ಬಿ ಬಿಟ್ಟರೆ ಬಿಡಿಯಾಗಿ ಅಳೆದು ಮಾರುವ ಎಣ್ಣೆಯನ್ನು ಅವನು ಮುಟ್ಟುತ್ತಿರಲಿಲ್ಲ.

ಎಂಜಿನ್ ಶುರು ಮಾಡಿದಾಗ ಒತ್ತಡದ ಮುಳ್ಳು ಐವತ್ತಕ್ಕೆ ಏರಿ ಅಲ್ಲೇ ನಿಂತಿತು. ನಾನೇ ಓಡಿಸಿಕೊಂಡು ಗಿರಣಿಯ ಅಂಗಳಕ್ಕೆ ಹೋದೆ. ದೊಡ್ಡ ಸಾಹುಕಾರರು ಹೊರಗೆ ಬಂದು, ಬಾನೆಟ್ ಎತ್ತಿಸಿ, ಬಹಳ ಹೊತ್ತು ನೋಡಿದರು. ಹಣೆಯ ತುಂಬ ವಿಭೂತಿ, ಮಂಡಿ ಮೇಲಿನ ಪಂಚೆ, ಮಾತು ಕಡಿಮೆ.

“ಇದಕ್ಕೆ ಎಣ್ಣೆ ಎಲ್ಲಿ ಹಾಕ್ತಾರಪ್ಪ?” ಎಂದು ಕೇಳಿದರು.

“ಇಲ್ಲಿ ನೋಡ್ರಿ ಯಜಮಾನ್ರೆ” ಎಂದು ಎಂಜಿನ್ನಿನ ನೆತ್ತಿಯ ಮುಚ್ಚಳ ತಿರುಗಿಸಿ ತೋರಿಸಿದೆ. ಅವರು ಒಳಗೆ ಇಣುಕಿದರು. ಮುಚ್ಚಳವನ್ನು ತಾವೇ ಮತ್ತೆ ಹಾಕಿದರು. ಎಂಥ ಎಣ್ಣೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಗನಿಗೆ ಮಾತ್ರ ಎರಡೆರಡು ಸಲ ಹೇಳಿದೆ. ಮೊದಲ ಐನೂರು ಮೈಲಿ ನಲವತ್ತರ ಮೇಲೆ ಓಡಿಸಬಾರದು, ಐನೂರು ಮುಗಿದ ಕೂಡಲೇ ಕಾರು ತರಬೇಕು, ಹಳೆ ಎಣ್ಣೆ ಚೆಲ್ಲಿ ಹೊಸದು ಹಾಕಬೇಕು. ತಲೆಯಾಡಿಸಿದ. ನಾಲ್ಕು ದಿನ ಹಾಗೇ ಓಡಿಸಿದ ಕೂಡ. ಐದನೇ ದಿನ ಸಿರಿಗೆರೆಗೆ ಹೋಗುವ ಬಸ್ಸು ಅವನನ್ನು ಹಿಂದೆ ಹಾಕಿತಂತೆ. ಕಿಟಕಿಯಲ್ಲಿದ್ದ ಕಾಲೇಜು ಹುಡುಗರು ಸಿಳ್ಳೆ ಹೊಡೆದರಂತೆ. ಅಲ್ಲಿಗೆ ನನ್ನ ನಲವತ್ತರ ಕಟ್ಟಲೆ ಮುಗಿಯಿತು.

ಐನೂರು ಮೈಲಿ ಕಳೆದರೂ ಕಾರು ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದರೆ, “ಕಡ್ಡಿ ಅದ್ದಿ ನೋಡು ಮೇಸ್ತ್ರಿ, ಎಣ್ಣೆ ಮೊದಲಿನಷ್ಟೇ ಐತೆ. ಒಂದು ತೊಟ್ಟು ಕುಡಿದಿಲ್ಲ. ಬದಲಾಯ್ಸೋದು ಯಾತಕ್ಕೆ?” ಎಂದ. ಎಣ್ಣೆ ಅಳೆಯುವ ಕಡ್ಡಿ ಅದ್ದಿ ನೋಡಿದೆ. ಗುರುತಿನ ಗೆರೆಗೆ ಸರಿಯಾಗಿತ್ತು. ಹೊಸ ಎಂಜಿನ್ ಸ್ವಲ್ಪವಾದರೂ ಎಣ್ಣೆ ಸುಡುತ್ತದೆ. ಇದು ಸುಡುತ್ತಿಲ್ಲ ಎಂದರೆ ನನ್ನ ಕೈಗುಣ ಎಂದುಕೊಂಡೆ! ಹೊಗೆಯಲ್ಲಿ ಗಿರಣಿಯ ವಾಸನೆಯೂ ಬಂದಿತ್ತು. ಗಿರಣಿಯವರ ಕಾರು, ಗಿರಣಿಯ ವಾಸನೆ ಬಂದರೆ ಏನಾಶ್ಚರ್ಯ ಎಂದು ಬಿಟ್ಟೆ. ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿದವನ ಮೂಗಿಗೆ ತನ್ನದೇ ಹೊಗಳಿಕೆ ಅಡ್ಡ ಬಂದಿತ್ತು. ಆ ಸಿಟ್ಟು ನನ್ನ ಮೇಲೆ ನನಗೇ ಇದೆ.

ಆ ಎಂಜಿನ್ನಿನ ಸದ್ದು ಕೇಳಿಯೇ ಹೊಳಲ್ಕೆರೆಯ ಬಸ್ ಮಾಲೀಕರು ನನಗೆ ಹೇಳಿಕಳಿಸಿದ್ದು. ದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಅವರ ಎರಡು ಬಸ್ಸು ಓಡುತ್ತಿದ್ದವು. ಅವೆರಡರ ಪೂರ್ತಿ ಉಸ್ತುವಾರಿ ನನಗೆ ಕೊಡುವ ಮಾತು. ಬರುವ ಲಾರಿಗೆ ಕಾಯುತ್ತ ಕೂರುವ ಶೆಡ್ಡಿನವನಿಗೆ ಅದು ಎಂಥ ಮಾತು ಎಂಬುದು ಆ ಕಸುಬಿನವರಿಗೇ ಗೊತ್ತು. ಎಳ್ಳಮಾವಾಸ್ಯೆ ಕಳೆದ ವಾರ ಬಸ್ಸು ನೋಡಲು ಹೊಳಲ್ಕೆರೆಗೆ ಹೋದೆ. ನಿಲ್ದಾಣದಲ್ಲಿ ಮಾಲೀಕರು, ಅವರ ಚಾಲಕ, ನಾನು ಒಂದು ಬಸ್ಸಿನ ಕೆಳಗೆ ಬಗ್ಗಿದ್ದೆವು. ಹಿಂದಿನಿಂದ ಕೂಗು ಕೇಳಿತು.

“ಅವನ ಕೈಗೆ ಬಸ್ ಕೊಡ್ತೀರೇನ್ರಿ? ಕೊಡ್ರಿ, ಕೊಡ್ರಿ! ಹೊಸ ಬೇರಿಂಗ್ ಅಂತ ಹೇಳಿ ಹಳೇವನ್ನೇ ತೊಳದು ಹಾಕ್ತಾನೆ. ಹೊಸಾವು ಮಾರ್ಕಂತಾನೆ, ಕಳ್ಳ.”

ಚಿಕ್ಕ ಸಾಹುಕಾರ. ಎದುರಿನ ಬಸ್ಸಿನಿಂದ ಇಳಿದು ನಿಂತಿದ್ದ. ಹಿಂದಿನ ದಿನ ಐಮಂಗಲ ದಾಟಿದ ಮೇಲೆ ಅವನ ಎಂಜಿನ್ ಟಕಟಕ ಬಡಿದು, ಹಾಗೇ ಬಿಗಿದು ನಿಂತುಬಿಟ್ಟಿತ್ತು. ಲಾರಿಗೆ ಹಗ್ಗ ಕಟ್ಟಿ ಹಿರಿಯೂರಿನ ಒಂದು ಗ್ಯಾರೇಜಿಗೆ ಎಳೆಸಿದ್ದ. ಅಲ್ಲಿನ ಮೇಸ್ತ್ರಿ ಎಂಜಿನ್ ಬಿಚ್ಚದೆ, “ಬೇರಿಂಗ್ ಹೋಗಿರಬೇಕು, ಹೊಸವಾದರೆ ಇಷ್ಟು ಬೇಗ ಹೋಗಲ್ಲ” ಎಂದಿದ್ದ. ಆ ಒಂದು ಅನುಮಾನಕ್ಕೆ ಇವನು ಕಳ್ಳತನದ ಕತೆ ಹೊಸೆದು, ತಾಲೂಕು ತಾಲೂಕು ಹಂಚಲು ಹೊರಟಿದ್ದ.

ನಿಲ್ದಾಣದಲ್ಲಿ ಇಪ್ಪತ್ತು ಮೂವತ್ತು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಕೈಯಲ್ಲಿ ಸ್ಪ್ಯಾನರ್ ಇತ್ತು. ಬೀಸಿದ್ದರೆ ಏನಾಗುತ್ತಿತ್ತೋ. ಬಸ್ ಮಾಲೀಕರು ಕತ್ತು ಕೆರೆದುಕೊಂಡು, “ಇದು ಇತ್ಯರ್ಥ ಆಗ್ಲಿ ಮೇಸ್ತ್ರಿ. ಆಮೇಲೆ ನೋಡಾಣ” ಎಂದರು.

“ಆತ್ರಿ. ಎಂಜಿನ್ ನಿಮ್ಮೆದುರಿಗೇ ಬಿಚ್ತೀನಿ. ಹಳೇ ಬೇರಿಂಗ್ ಸಿಕ್ರೆ ಶೆಡ್ಡಿಗೆ ನಾನೇ ಬೆಂಕಿ ಹಚ್ತೀನಿ” ಎಂದೆ. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಅದರಲ್ಲಿ ಸುಳ್ಳಿರಲಿಲ್ಲ. ಜನರೆದುರು ಚಿಕ್ಕ ಸಾಹುಕಾರನೂ ಅದಕ್ಕೆ ಒಪ್ಪಿದ.

ಅಲ್ಲಿಂದಲೇ ಹಿರಿಯೂರಿಗೆ ಹೋದೆ. ಕಾರು ಬಟ್ಟೆಯ ಚಾವಣಿ ಹೊದ್ದು ಒಂದು ಮೂಲೆಯಲ್ಲಿ ನಿಂತಿತ್ತು. ನಾನು ಒಬ್ಬನೇ ಮುಟ್ಟಿದರೆ ನಾಳೆ ಅದಕ್ಕೂ ಒಂದು ಕತೆ ಹುಟ್ಟುತ್ತದೆ. ಅಲ್ಲಿನ ಮೇಸ್ತ್ರಿಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು, ಎಣ್ಣೆ ಹಾಕುವ ಮುಚ್ಚಳಕ್ಕೂ ಎಣ್ಣೆ ಇಳಿಸುವ ಬಿರಡೆಗೂ ತಂತಿ ಬಿಗಿದು ಅರಗು ಕರಗಿಸಿ ಹಾಕಿದೆ. ಎಣ್ಣೆ ಇಳಿಸದೆ ತಳ ಬಿಚ್ಚಿ ಬೇರಿಂಗ್ ಮುಟ್ಟಲು ಯಾರಿಗೂ ಆಗದು. ಅರಗಿನ ಮೇಲೆ ಅವನ ಹೆಬ್ಬೆರಳು ಒತ್ತಿಸಿದೆ. “ನಾನು ಸುಮ್ನೆ ಒಂದ್ ಮಾತು ಅಂದಿದ್ದು ಮಾರಾಯ್ರೆ, ಕಳ್ಳ ಅಂತ ಅಂದಿಲ್ಲ” ಎಂದು ಅವನು ಪೇಚಾಡಿದ. ಮರುದಿನ ಖಾಲಿ ಲಾರಿಯೊಂದರ ಮೇಲೆ ಕಾರು ಏರಿಸಿ ದುರ್ಗಕ್ಕೆ ತಂದೆ.

ಅಷ್ಟರಲ್ಲಿ ಊರಿನ ಬಾಯಿ ತೆರೆದಿತ್ತು. ಎರಡು ಲಾರಿಯವರು ನನ್ನ ಶೆಡ್ಡಿನ ಮುಂದೆ ನಿಧಾನ ಮಾಡಿ, ನಿಲ್ಲಿಸದೆ ಹೋದರು. ಹತ್ತು ವರ್ಷ ನನ್ನ ಕೈಯಲ್ಲೇ ಕೆಲಸ ಮಾಡಿಸಿದವರು! ನನ್ನ ಪರವಾಗಿ ಮಾತಾಡಿದವನು ಎಣ್ಣೆ ಅಂಗಡಿಯವನು ಒಬ್ಬನೇ. ಅಂಗಡಿಗೆ ಬಂದವರಿಗೆಲ್ಲ, “ಮೇಸ್ತ್ರಿ ಅಂಥೋನಲ್ಲ. ನನ್ ಲಾರಿ ಏಳು ವರ್ಷ ಅವನ ಕೈಯಾಗೆ ಓಡೈತೆ. ಬಾಯಿಗೆ ಬಂದಂಗೆ ಮಾತಾಡ್ಬ್ಯಾಡ್ರಿ” ಎನ್ನುತ್ತಿದ್ದನಂತೆ.

ಗೊತ್ತುಮಾಡಿದ ದಿನ ಬೆಳಿಗ್ಗೆ ಹತ್ತಕ್ಕೆ ಬಸ್ ಮಾಲೀಕರು, ಅವರ ಚಾಲಕ, ಚಿಕ್ಕ ಸಾಹುಕಾರ, ಜೊತೆಗೆ ಕರೆಯದೇ ಬಂದ ಹತ್ತಾರು ಜನ ಶೆಡ್ಡಿನ ಮುಂದೆ ಸೇರಿದರು. ಅರಗನ್ನು ಎಲ್ಲರಿಗೂ ತೋರಿಸಿ ಒಡೆದೆ. ಬಿರಡೆ ತಿರುಗಿಸಿದೆ. ಎಣ್ಣೆ ಧಾರೆಯಾಗಿ ಬೀಳಬೇಕು. ಇದು ಪಾಕದಂತೆ ಎಳೆ ಎಳೆಯಾಗಿ ಇಳಿಯಿತು. ತಳದ ತಟ್ಟೆ ಬಿಚ್ಚಿದೆ. ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದರ ಕಣ್ಣುಗಳೆಲ್ಲ ಕಂದು ಅಂಟಿನಿಂದ ಮುಚ್ಚಿಹೋಗಿದ್ದವು. ಎಣ್ಣೆ ತುಂಬಿದ ಎಂಜಿನ್ ಎಣ್ಣೆಯಿಲ್ಲದೆ ಸತ್ತಿತ್ತು.

ಆಮೇಲೆ ಬೇರಿಂಗ್ ತೆಗೆದೆ. ಒಳಮೈ ಕರಗಿ ಕಿತ್ತುಬಂದಿತ್ತು. ಬೆನ್ನು ತಿರುಗಿಸಿ, ಒರೆಸಿ, ಬಸ್ ಮಾಲೀಕರ ಅಂಗೈಯಲ್ಲಿಟ್ಟೆ.

“ಓದ್ರಿ. ಸಾಣೆ ಹಿಡಿಸಿದ ಮೇಲಿನ ಅಳತೆ ಅದು. ಹಳೇ ಬೇರಿಂಗಿನ ಮೇಲೆ ಈ ಅಂಕಿ ಎಲ್ಲಿಂದ ಬರ್ತೈತೆ?”

ಅವರು ಕನ್ನಡಕ ಏರಿಸಿ ಓದಿದರು. ಎಂಟೂ ತಗಡುಗಳ ಬೆನ್ನು ನೋಡಿದರು. ಮುಂಬಯಿಯ ರಟ್ಟಿನ ಪೆಟ್ಟಿಗೆಯ ಮೇಲಿನ ಅಂಕಿಯ ಜೊತೆ ಹೋಲಿಸಿದರು. “ಹೊಸಾವೇ ಅವೆ” ಎಂದರು. ನನಗೆ ಉಸಿರು ಬಂತು.

“ಮತ್ತೆ ಯಾಕೆ ಹೋದ್ವು?” ಎಂದ ಚಿಕ್ಕ ಸಾಹುಕಾರ, ದನಿಯೇನೂ ತಗ್ಗಿಸದೆ.

ಜಾಲರಿಯ ಅಂಟನ್ನು ಬೆರಳಿಗೆ ತೆಗೆದು ಮೂಸಿದೆ. ಪಕ್ಕದಲ್ಲಿದ್ದ ಬಸ್ ಚಾಲಕನಿಗೂ ಮೂಸಲು ಕೊಟ್ಟೆ. ಅವನು ಮೂಗು ಅರಳಿಸಿ, “ಅಯ್ಯೋ, ಇದು ಹರಳೆಣ್ಣೆ ಐತಲ್ರಿ! ನಮ್ಮವ್ವ ತಲಿಗೆ ತಟ್ಟೋದು!” ಎಂದ. ಜನ ನಕ್ಕರು. ಹಸಿ ಹರಳೆಣ್ಣೆ ಎಂಜಿನ್ ಎಣ್ಣೆಯ ಜೊತೆ ಬೆರೆಯುವುದಿಲ್ಲ. ತಳದಲ್ಲಿ ಕೂತು, ಕಾವಿಗೆ ಅಂಟಾಗಿ, ಎಲ್ಲ ತೂತು ಮುಚ್ಚುತ್ತದೆ.

ನಾನು ಚಿಕ್ಕ ಸಾಹುಕಾರನ ಕಡೆ ತಿರುಗಿದೆ. ಅವನ ಮುಖದ ಬಣ್ಣ ಹೋಗಿತ್ತು. ನನ್ನ ರಟ್ಟೆ ಹಿಡಿದು ಶೆಡ್ಡಿನ ಹಿಂದೆ ಎಳೆದುಕೊಂಡು ಹೋದ.

“ಮೇಸ್ತ್ರಿ, ಇದು ಅಪ್ಪಾಜಿ ಕೆಲಸ” ಎಂದು ಪಿಸುಗುಟ್ಟಿದ. ಅಮಾವಾಸ್ಯೆಯ ಬೆಳಿಗ್ಗೆ ಗಿರಣಿಯಲ್ಲಿ ಬಂದ ಮೊದಲ ಎಣ್ಣೆಯನ್ನು ಮನೆಯಲ್ಲಿ ತಿರುಗುವ ಎಲ್ಲದಕ್ಕೂ ಯಜಮಾನ ತನ್ನ ಕೈಯಾರೆ ಹಾಕಬೇಕು, ಅದು ಅವರ ಮನೆಯ ನಡವಳಿಕೆ. ಬಂಡಿಯ ಅಚ್ಚಿಗೆ, ಬಾವಿಯ ಗಾಲಿಗೆ, ಗಿರಣಿಯ ಚಕ್ರಕ್ಕೆ. ಕಾರು ಮನೆಗೆ ಬಂದ ಮೇಲೆ ಅದೂ ಮನೆಯದಾಯಿತು. ಎಣ್ಣೆ ಎಲ್ಲಿ ಹಾಕುತ್ತಾರೆಂದು ನಾನೇ ತೋರಿಸಿಕೊಟ್ಟಿದ್ದೆ. ಮಹಾಲಯ, ದೀಪಾವಳಿ, ಅದರ ಮುಂದಿನದು, ಎಳ್ಳಮಾವಾಸ್ಯೆ. ಒಂದೊಂದು ಅಮಾವಾಸ್ಯೆಗೆ ಹಿತ್ತಾಳೆಯ ಪಾವಿನ ತುಂಬ ಒಂದು ಪಾವು, ಕೈಮುಗಿದು ಹಾಕಿದ್ದರು. ಎಂಜಿನ್ ಸುಟ್ಟ ಎಣ್ಣೆಯ ಜಾಗವನ್ನು ಹರಳೆಣ್ಣೆ ತುಂಬುತ್ತಿತ್ತು. ಕಡ್ಡಿಯ ಗುರುತು ಇಳಿಯದೆ ಇದ್ದದ್ದು ಅದಕ್ಕೆ. ನನ್ನ ಕೈಗುಣವಂತೆ!

“ನಿಂಗೆ ಗೊತ್ತಿತ್ತಾ?” ಎಂದೆ. ಆ ಕ್ಷಣದಲ್ಲಿ ಸಾವ್ಕಾರ್ರೆ ಎನ್ನುವ ಮರ್ಯಾದೆ ನನ್ನ ನಾಲಿಗೆಯಿಂದ ಬಿದ್ದುಹೋಯಿತು.

“ಬಂಡಿ ಗಾಲಿಗೆ ಹಾಕೋದು ಗೊತ್ತಿತ್ತು. ಪಾವು ತುಂಬಿಸ್ಕಂಡು ಹೋಗೋದು ನೋಡಿದ್ದೆ, ಆದ್ರೆ ಕಾರಿಗೆ ಒಂದೆರಡು ಹನಿ ಹಾಕ್ತಾರೆ ಅನ್ಕಂಡಿದ್ದೆ. ಅಪ್ಪಾಜಿ ಹೆಸರು ಹೊರಗೆ ಬರ್ಬಾರ್ದು ಮೇಸ್ತ್ರಿ. ಗಿರಣಿ ಎಣ್ಣೆ ಎಂಜಿನ್ ಕೆಡಿಸ್ತು ಅಂತ ಊರು ನಗ್ತೈತೆ. ನಿನ್ ಕಾಲಿಗ್ ಬೀಳ್ತೀನಿ.”

“ನನ್ನ ಕಳ್ಳ ಅಂದಿದ್ದು ನಿಲ್ದಾಣದಾಗೆ, ಗಂಟಲು ಹರ್ಕಂಡು. ಕಾಲಿಗೆ ಬೀಳೋದು ಶೆಡ್ಡಿನ ಹಿಂದೆ, ಕಿವಿಯಾಗೆ. ಹೋಗಿ ಅವರೆದುರಿಗೆ ಹೇಳು, ಮೇಸ್ತ್ರಿ ಕಳ್ಳ ಅಲ್ಲ ಅಂತ.”

ಹೋದ. ಹೇಳಿದ ಕೂಡ. ಅವನು ಹೇಳಿದ ರೀತಿ ಕೇಳಿ.

“ಮೇಸ್ತ್ರಿದೇನೂ ತಪ್ಪಿಲ್ರಪ್ಪ. ಡಬ್ಬಿ ಎಣ್ಣೆನೇ ಕಲಬೆರಕೆ. ಆ ಎಣ್ಣೆ ಅಂಗಡಿಯೋನು ಅಗ್ಗದ ಹರಳೆಣ್ಣೆ ಬೆರೆಸಿ ಸೀಲ್ ಹಾಕಿ ಮಾರ್ತಾನೆ. ನಾನೂ ಮೋಸ ಹೋದೆ, ಮೇಸ್ತ್ರಿನೂ ಮೋಸ ಹೋದ.”

ಜನ ಗುಜುಗುಜು ಎಂದರು. ಬಸ್ ಮಾಲೀಕರು ನನ್ನ ಬೆನ್ನು ತಟ್ಟಿ, “ಮನಸ್ಸು ಹಗುರ ಆತು ಮೇಸ್ತ್ರಿ. ನಾಳೆ ಒಂದು ಬಸ್ ಕಳಿಸ್ತೀನಿ” ಎಂದರು. ನನ್ನ ಕೈಯಲ್ಲಿ ಆ ಎಂಟು ತಗಡುಗಳು ಇದ್ದವು. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಮುದುಕರ ಮಾನ ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬಸ್ ಮಾಲೀಕರು ಸಾಹುಕಾರರ ಮನೆಗೆ ಬೇಕಾದವರು, ಅದೂ ನನ್ನ ತಲೆಯಲ್ಲಿತ್ತು.

ಮರುದಿನ ಬಸ್ಸು ಬಂತು. ಅದರ ಬ್ರೇಕು ಬಿಚ್ಚುತ್ತ ಮೈಮರೆಯಲು ನೋಡಿದೆ. ಎಣ್ಣೆ ಅಂಗಡಿಯ ಮುಂದೆ ಲಾರಿಗಳು ನಿಲ್ಲುವುದು ಬಿಟ್ಟವು. ಯಾರೋ ಒಬ್ಬ ಚಾಲಕ ಡಬ್ಬಿಯನ್ನು ಅಂಗಡಿಯ ಕಟ್ಟೆಯ ಮೇಲೆ ಕುಕ್ಕಿ, “ತಲೆಗೆ ಹಚ್ಕೊ” ಎಂದು ಬೈದು ಹೋದನಂತೆ. ಮೂರನೇ ದಿನ ಅಂಗಡಿಯವನು ಕುಂಟುತ್ತ ಶೆಡ್ಡಿಗೆ ಬಂದ. ಬಗಲಲ್ಲಿ ಸೀಲು ಒಡೆಯದ ಡಬ್ಬಿ.

“ಮೇಸ್ತ್ರಿ, ಇದನ್ನ ನೀನೇ ಒಡಿ. ನಾಲ್ಕು ಜನದ ಮುಂದೆ ನೋಡಿ ಹೇಳು. ನಿನ್ ಮಾತು ನಂಬ್ತಾರೆ.”

“ನೋಡಾಣ ಬಿಡು. ಜನ ಎರಡು ದಿನ ಮಾತಾಡ್ತಾರೆ, ಮರೀತಾರೆ” ಎಂದೆ. ಅವನು ಡಬ್ಬಿಯನ್ನು ಅಲ್ಲೇ ಇಟ್ಟು ಹೋದ.

ಮಾರನೆಯ ಬೆಳಿಗ್ಗೆ ಬಸ್ಸಿಗೆ ಎಣ್ಣೆ ಬೇಕಾಯಿತು. ಆ ಡಬ್ಬಿಗೆ ಕೈ ಹಾಕಲು ಹೋದವನು ಹಾಗೇ ಕೂತೆ. ಚಿಕ್ಕ ಸಾಹುಕಾರ ಹೊಳಲ್ಕೆರೆಯಲ್ಲಿ ನನಗೆ ಮಾಡಿದ್ದನ್ನೇ ನಾನು ಇವನಿಗೆ ಮಾಡುತ್ತಿದ್ದೆ, ಕೂಗದೆ. ಕೈ ಒರೆಸಿಕೊಂಡು ನೇರ ಗಿರಣಿಗೆ ಹೋದೆ. ಮಗ ಇರಲಿಲ್ಲ. ದೊಡ್ಡ ಸಾಹುಕಾರರು ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು.

“ಬಾರಪ್ಪ ಮೇಸ್ತ್ರಿ, ಕುಂತ್ಕ. ಕಾರು ಎಂಗೈತೆ?”

ನಿಂತೇ ಎಲ್ಲ ಹೇಳಿದೆ. ನಿಲ್ದಾಣ, ಅರಗು, ಜಾಲರಿ, ಅಂಟು, ಅಂಗಡಿಯವನ ಮೇಲೆ ಮಗ ಹಾಕಿದ ಅಪವಾದ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನನ್ನ ದನಿ ಏರಿತ್ತು. ಗಿರಣಿಯ ಆಳುಗಳು ಕೆಲಸ ಬಿಟ್ಟು ನೋಡುತ್ತಿದ್ದರು. ದೊಡ್ಡ ಸಾಹುಕಾರರು ಎಲ್ಲ ಕೇಳಿ, ತಮ್ಮ ಅಂಗೈ ನೋಡಿಕೊಂಡರು.

“ನನ್ ಎಣ್ಣೆ ಕೆಟ್ಟದ್ದೇನಪ್ಪ?”

“ಎಣ್ಣೆ ಬಂಗಾರದಂಥದ್ದು ಯಜಮಾನ್ರೆ. ಆ ಎಂಜಿನ್ನಿಗೆ ಅಲ್ಲ, ಅಷ್ಟೆ.”

“ನಾನು ಹಾಕಿದ್ದು ಅಂತ ನಿಂಗೆ ಗೊತ್ತಾಗಿ ಎಷ್ಟು ದಿನ ಆತು?”

“ನಾಲ್ಕು ದಿನ.”

ಅವರು ಚಪ್ಪಲಿ ಮೆಟ್ಟಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು, “ಹೋಗಾಣ ನಡಿ” ಎಂದರು. ಬಂಡಿ ಕಟ್ಟಿಸಲಿಲ್ಲ, ಬಿಸಿಲಲ್ಲಿ ನಡೆದೇ ಹೊರಟರು. ಬಸ್ ನಿಲ್ದಾಣದ ತುಂಬ ಜನವಿದ್ದರು. ಅಂಗಡಿಯ ಮುಂದೆ ನಿಂತು, ಆಚೆ ಬದಿಯ ಲಾರಿಯವರಿಗೂ ಕೇಳುವಂತೆ ಹೇಳಿದರು.

“ಕಾರಿಗೆ ಹರಳೆಣ್ಣೆ ಹಾಕಿದ್ದು ನಾನು. ನಮ್ ಗಿರಣೀದು. ಗೊತ್ತಿಲ್ದೆ ಹಾಕ್ದೆ. ಈ ಅಂಗಡಿ ಎಣ್ಣೇಲಿ ಏನೂ ದೋಷ ಇಲ್ಲ. ನನ್ ಮಗ ಸುಳ್ಳು ಹೇಳ್ಯಾನೆ.”

ಅಂಗಡಿಯವನು ಕುಂಟುತ್ತ ಇಳಿದು ಬಂದು, ಅವರ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟ. ನಗಬೇಕೆಂದಿದ್ದವರು ಯಾರೂ ನಗಲಿಲ್ಲ.

ಮಗ ಮಾತ್ರ ಹೊಳಲ್ಕೆರೆಯ ನಿಲ್ದಾಣದಲ್ಲಿ ನಿಂತು ಆಡಿದ್ದನ್ನು ನಿಲ್ದಾಣದಲ್ಲಿ ನಿಂತು ನುಂಗಲೇ ಇಲ್ಲ. ವಾರದ ಮೇಲೆ ಶೆಡ್ಡಿಗೆ ಬಂದು, ಎಂಜಿನ್ ಬೇಗ ಕೂರಿಸು, ಬಂಪರಿಗೂ ಹೊಳಪು ಕೊಡು ಎಂದ. ಹೊಳಲ್ಕೆರೆಯಲ್ಲಿ ಅದೇ ಜಾಗದಲ್ಲಿ ನಿಂತು ಮೇಸ್ತ್ರಿ ಕಳ್ಳನಲ್ಲ ಎಂದು ಕೂಗಿ ಬಾ, ಆಮೇಲೆ ಮುಟ್ಟುತ್ತೇನೆ ಎಂದೆ. ಬಿಚ್ಚಿದ ಎಂಜಿನ್ನನ್ನು ಗೋಣಿಚೀಲಕ್ಕೆ ತುಂಬಿಸಿಕೊಂಡು ಕಾರನ್ನು ಹಾಗೇ ಹೊಸದುರ್ಗದ ಯಾರಿಗೋ ಮಾರಿದ. ಆ ಬಂಪರು ಆಗಲೂ ಫಳಫಳ ಹೊಳೆಯುತ್ತಿತ್ತು. ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಬಸ್ಸುಗಳು ನನ್ನಲ್ಲೇ ಉಳಿದವು. ಎರಡೂ ಬಸ್ಸಿಗೆ ಎಣ್ಣೆ ಬೇಕಾದಾಗ ಅದೇ ಅಂಗಡಿಗೆ ಹೋಗುತ್ತಿದ್ದೆ, ಬೇರೆ ಕಡೆ ಹೋಗಲು ಮುಖವಿರಲಿಲ್ಲ. ಅವನು ನನಗೆ ಒಂದು ದಿನವೂ ಬಿರುಸಾಗಿ ಮಾತಾಡಲಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಗಿರಾಕಿಗಳೆದುರಿಗೇ ತಾನೇ ಸೀಲು ಒಡೆದು, ನನ್ನ ಕಡೆ ತಳ್ಳುತ್ತಿದ್ದ.

“ಮೂಸಿ ನೋಡು ಮೇಸ್ತ್ರಿ. ನೋಡಿ ಎಲ್ಲಾರಿಗೂ ಹೇಳು.”

ಅಂಗಡಿ ಮುಚ್ಚುವ ತನಕ, ಎಷ್ಟೋ ವರ್ಷ, ಒಂದು ಡಬ್ಬಿಯನ್ನೂ ಅವನು ಹಾಗೆ ಮಾಡದೆ ನನಗೆ ಕೊಡಲಿಲ್ಲ. ನಾನು ಪ್ರತಿ ಸಲ ಬಗ್ಗಿ ಮೂಸಿ, ಚೊಕ್ಕ ಎಣ್ಣೆ ಎಂದು ಗಟ್ಟಿಯಾಗಿ ಹೇಳಿ ತರುತ್ತಿದ್ದೆ.